ಹುಲುಗಪ್ಪನ ಉಸಿರು ಮತ್ತು ನಮ್ಮ ಕಂಪ್ರೆಸರ್

ಧ್ವನಿಮುದ್ರಣದ ಕೆಲಸಕ್ಕೆ ಹೊಸದಾಗಿ ಇಳಿದವರು ಈಗಲೂ ನನಗೆ ಫೋನು ಮಾಡುತ್ತಾರೆ. "ಮೇಡಂ, ಹಾಡೋರ ದನಿಗೆ ಯಾವ ಕಂಪ್ರೆಸರ್ ಹಾಕ್ಬೇಕ್ರಿ? ಎಷ್ಟಕ್ಕ ಇಡಬೇಕು?" ಎಂದು ಕೇಳುತ್ತಾರೆ. ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸುತ್ತೇನೆ. ಫೋನಿಟ್ಟ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಅನಿಸುತ್ತದೆ. ಅದಕ್ಕೇ ಈಗ ಪುರಸೊತ್ತಾಗಿ ಕೂತು ಬರೆಯುತ್ತಿದ್ದೇನೆ.

ಈ ಕೆಲಸ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಹಾಡುವವರು ಒಂದು ಸಾಲನ್ನು ಎತ್ತರದ ದನಿಯಲ್ಲಿ ಹೇಳುತ್ತಾರೆ, ಮರುಸಾಲಿಗೆ ದನಿ ಇಳಿಸುತ್ತಾರೆ. ಎತ್ತರದ್ದನ್ನು ತುಸು ಅದುಮಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಿದರೆ ಇಳಿದ ದನಿಯೂ ಕೇಳುವವರ ಕಿವಿ ಮುಟ್ಟುತ್ತದೆ. ಹೀಗೆ ಅದುಮುವ ಯಂತ್ರಕ್ಕೆ ಕಂಪ್ರೆಸರ್ ಎನ್ನುತ್ತಾರೆ. ನಮ್ಮ ಹೊಸಪೇಟೆ ಸೀಮೆಯಲ್ಲಿ ಕಂಪ್ರೆಸರ್ ಅಂದರೆ ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರಕ್ಕೆ ಗಾಳಿ ಒದಗಿಸುವ ಗಾಡಿ ಎಂದೇ ಎಲ್ಲರಿಗೂ ಗೊತ್ತು. ಹಾಗಾಗಿ ನನ್ನ ಕೆಲಸ ಏನೆಂದು ನೆಂಟರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತಿತ್ತು.

ಚಿತ್ತವಾಡ್ಗಿಯಲ್ಲಿ ನಮ್ಮಣ್ಣನದು ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ ನಾನು ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಬೆಸುಗೆ ಹಾಕುತ್ತಿದ್ದೆ. ಒಂದು ದಿನ ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಗುರುಪಾದಪ್ಪ ಸಾವ್ಕಾರ್ರು ಒಂದು ದೊಡ್ಡ ಟೇಪ್ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಬಂದರು. ಅಣ್ಣ ಊಟಕ್ಕೆ ಹೋಗಿದ್ದ. ನಾನೇ ಬಿಚ್ಚಿ, ಹೆಡ್ ಒರೆಸಿ, ಸಡಿಲಾಗಿದ್ದ ವೈರನ್ನು ಬೆಸೆದು ಕೊಟ್ಟೆ. ಅವರು ಬಾಗಿಲಲ್ಲೇ ನಿಂತು ನೋಡಿದರು.

"ಯವ್ವಾ, ನಿಂಗ ಹಾಡು ಕೇಳೋ ಹುಚ್ಚು ಐತೇನು?" ಎಂದು ಕೇಳಿದರು.

"ಐತ್ರಿ. ಹಾಡೋಕ ಮಾತ್ರ ಬರಂಗಿಲ್ಲ."

"ಭಾಳ ಚಲೋ ಆತು. ಹಾಡೋರು ಊರ ತುಂಬ ಅದಾರ. ಕೇಳೋರು ಬೇಕಾಗ್ಯಾರ ನಂಗ."

ನನ್ನ ನೇಮಕ ಆದದ್ದು ಹೀಗೆ. ಸಾವ್ಕಾರ್ರಿಗೆ ಗಿರಣಿಗಿಂತ ಹಾಡಿನ ಮೇಲೆ ಜೀವ. ಮನೆಯವರ ವಿರೋಧ ಕಟ್ಟಿಕೊಂಡು ಹೊಸಪೇಟೆಯಲ್ಲಿ ಒಂದು ಮಾಳಿಗೆಯ ಮೇಲೆ ಸ್ಟುಡಿಯೋ ಮಾಡಿದ್ದರು. ಭಜನೆ, ತತ್ವಪದ, ಬಯಲಾಟದ ಹಾಡು, ಮದುವೆಯ ಸೋಬಾನೆ ಎಲ್ಲ ಅಲ್ಲಿ ಕ್ಯಾಸೆಟ್ ಆಗುತ್ತಿದ್ದವು.

ಸ್ಟುಡಿಯೋದ ದೇವರು ಎಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಮದರಾಸಿನಲ್ಲಿ ಮುಚ್ಚಿಹೋದ ಯಾವುದೋ ಸ್ಟುಡಿಯೋದಿಂದ ಸಾವ್ಕಾರ್ರು ಕೊಂಡುತಂದಿದ್ದ ಹಳೆಯ ಕಂಪ್ರೆಸರ್ ಅದು. ಒಳಗೆ ಹಳೇ ರೇಡಿಯೋದಲ್ಲಿರುವಂಥ ವಾಲ್ವುಗಳು, ಹೊರಗೆ ಎರಡೇ ಗುಂಡಿ, ನಡುವೆ ಒಂದು ಮುಳ್ಳು. ಹಾಡುವವರು ದನಿ ಏರಿಸಿದಾಗ ಆ ಮುಳ್ಳು ಹಿಂದಕ್ಕೆ ವಾಲುತ್ತಿತ್ತು, ಇಳಿಸಿದಾಗ ನಿಧಾನಕ್ಕೆ ಸ್ವಸ್ಥಾನಕ್ಕೆ ಬರುತ್ತಿತ್ತು. ಬೆಳಿಗ್ಗೆ ಬಂದ ಕೂಡಲೇ ಅದನ್ನು ಹಚ್ಚಬೇಕು. ಕಾಯುವುದಕ್ಕೆ ಹೊತ್ತು ಬೇಕು. ಅಷ್ಟರಲ್ಲಿ ನಾವು ಚಹಾ ಕುಡಿಯುತ್ತಿದ್ದೆವು. ಕಾದ ಮೇಲೆ ಬೆಚ್ಚಗಿನ ಧೂಳಿನ ವಾಸನೆಯೊಂದು ಕೋಣೆಯ ತುಂಬ ಹರಡುತ್ತಿತ್ತು. ಅದರೊಳಗೆ ಹಾದುಬಂದ ದನಿಗೆ ಒಂದು ತೂಕ ಬರುತ್ತಿತ್ತು. ಸಪ್ಪೆ ದನಿಯವರೂ ತಮ್ಮ ಹಾಡು ಕೇಳಿ, "ಇದು ನಾನೇನ್ರಿ?" ಎಂದು ನಾಚುತ್ತಿದ್ದರು.

ಆಗಲೇ ಗಣಿಯ ಭರಾಟೆ ಶುರುವಾಯಿತು. ಸಂಡೂರಿನ ಗುಡ್ಡದಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯತೊಡಗಿದವು. ಊರಿಗೆ ಊರೇ ಕೆಂಪಾಯಿತು. ನಮ್ಮ ಕಿಟಕಿಗೆ ಕಂಬಳಿ ಹೊಡೆದರೂ, ಬಾಗಿಲಿಗೆ ಗೋಣಿತಟ್ಟು ಕಟ್ಟಿದರೂ ಆ ಗುಡುಗು ಒಳಗೆ ನುಗ್ಗುತ್ತಿತ್ತು. ಕಂಪ್ರೆಸರಿಗೆ ಹಾಡು ಯಾವುದು, ಲಾರಿ ಯಾವುದು ಎಂಬ ಭೇದ ಗೊತ್ತಿಲ್ಲ. ಹಾಡುವವರು ಸುಮ್ಮನಾದ ಕೂಡಲೇ ಲಾರಿಯನ್ನೇ ಎತ್ತಿ ತೋರಿಸುತ್ತಿತ್ತು. ಶಿವನ ಮೇಲಿನ ಪದವೊಂದರಲ್ಲಿ ಎರಡು ಸಾಲಿನ ನಡುವೆ ಲಾರಿ ಗೇರು ಬದಲಿಸಿದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಆ ಕ್ಯಾಸೆಟ್ಟು ಯಾರದಾದರೂ ಮನೆಯಲ್ಲಿ ಇನ್ನೂ ಇದ್ದೀತು.

ಆ ದಿನಗಳಲ್ಲೇ ಕರೆಂಟಿನ ಏರಿಳಿತ ವಿಪರೀತವಾಗಿ, ಒಂದು ಮಧ್ಯಾಹ್ನ ಕಬ್ಬಿಣದ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಮುಳ್ಳು ಒಂದು ಕಡೆಗೆ ಒರಗಿದ್ದು ಮತ್ತೆ ಏಳಲಿಲ್ಲ. ಟ್ರಾನ್ಸ್‌ಫಾರ್ಮರ್ ಕರಗಿಹೋಗಿತ್ತು. ಸಾವ್ಕಾರ್ರು ಆ ದಿನ ಊಟ ಮಾಡಲಿಲ್ಲ. ಮದರಾಸಿಗೆ ಕಳಿಸಿ ರಿಪೇರಿ ಮಾಡಿಸಿದೆವು. ತಿರುಗಿ ಬಂದ ಮೇಲೆ ಅದು ತಾನೇ ಗುಂಯ್ ಎಂದು ಹಾಡತೊಡಗಿತು. ಯಾರ ಹಾಡಿಗೂ ಜಾಗ ಬಿಡಲಿಲ್ಲ.

ಅಷ್ಟೊತ್ತಿಗೆ ನಾವು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಕಲಿತಿದ್ದೆವು. ಪೆಟ್ಟಿಗೆಯಂಥ ಯಂತ್ರಗಳ ಕೆಲಸ ಮಾಡುವ, ಅದರೊಳಗೇ ಹಾಕಿಕೊಳ್ಳುವ ಪ್ಲಗಿನ್‌ಗಳು ಬಂದಿದ್ದವು. ಅವುಗಳಲ್ಲಿ ಕೆಲವು ಹಳೆಯ ಕಂಪ್ರೆಸರುಗಳ ನಕಲು. ಪರದೆಯ ಮೇಲೆ ಅದೇ ಎರಡು ಗುಂಡಿ, ಅದೇ ಮುಳ್ಳು, ಮೂಲೆಯ ಬಣ್ಣ ಸವೆದದ್ದನ್ನೂ ಬಿಡದೆ ಬರೆದಿದ್ದರು. ನಾನು ಬೆಂಗಳೂರಿನಿಂದ ತರಿಸಿ ತೋರಿಸಿದಾಗ ಸಾವ್ಕಾರ್ರು ಮುಖ ತಿರುಗಿಸಿದರು.

"ಚಿತ್ರದಾಗಿನ ಹೋಳಿಗಿ ತಿಂದ್ರ ಹೊಟ್ಟಿ ತುಂಬ್ತೈತೇನು?"

"ಒಂದ್ಸಲ ಕೇಳ್ರಿ ಸಾವ್ಕಾರ್ರ."

ಪರದೆಗೆ ಬೆನ್ನು ಹಾಕಿ ಕೂತರು. ಹಳೆ ಪೆಟ್ಟಿಗೆಯಲ್ಲಿ ಹಾದು ಬಂದಿದ್ದ ಒಂದು ಹಾಡನ್ನೂ, ಪ್ಲಗಿನ್ ಹಾಕಿದ ಅದೇ ಹಾಡನ್ನೂ ಅದಲುಬದಲು ಮಾಡಿ ಕೇಳಿಸಿದೆ. ಪ್ರತಿ ಸಲವೂ ಸರಿಯಾಗಿ ಗುರುತಿಸಿದರು. ನನಗೆ ಆಶ್ಚರ್ಯ. ಹೇಗೆಂದು ಕೇಳಿದರೆ, "ನಮ್ಮ ಪೆಟಿಗ್ಯಾಗ ಸಣ್ಣಗ ಒಂದು ಗುಂಯ್ ಇರ್ತಿತ್ತು. ಇದರಾಗ ಇಲ್ಲ. ಸತ್ತೋರ ಮನಿ ಇದ್ದಂಗ ಐತಿ" ಅಂದರು. ಪ್ಲಗಿನ್ನಿನ ಒಂದು ಮೂಲೆಯಲ್ಲಿ ಸಣ್ಣ ಸ್ವಿಚ್ಚೊಂದಿತ್ತು. ಮಾಡಿದ ಪುಣ್ಯಾತ್ಮರು ಹಳೆ ಯಂತ್ರದ ಗುಂಯ್ ಶಬ್ದವನ್ನೂ ನಕಲು ಮಾಡಿ ಅದರಲ್ಲಿ ಇಟ್ಟಿದ್ದರು. ಸುಮ್ಮನೆ ಅದನ್ನು ಹಾಕಿ ಮತ್ತೆ ಕೇಳಿಸಿದೆ. ಈ ಸಲ ಸಾವ್ಕಾರ್ರು, "ಇದು, ಇದು ನಮ್ಮ ಪೆಟಿಗಿ" ಎಂದು ತೊಡೆ ತಟ್ಟಿದರು. ತಿರುಗಿ ಪರದೆ ನೋಡಿ ಬಹಳ ಹೊತ್ತು ನಕ್ಕರು. ಅಂದಿನಿಂದ ಪ್ಲಗಿನ್ ನಮ್ಮ ಮನೆಯದಾಯಿತು.

ಮೊದಲು ಇದ್ದದ್ದು ಒಂದೇ ಪೆಟ್ಟಿಗೆ. ಯಾರ ದನಿಗೆ ಅದು ಬೇಕು ಎಂದು ಯೋಚಿಸಿ ಹಾಕುತ್ತಿದ್ದೆವು. ಈಗ ಒಂದೇ ಹಾಡಿನಲ್ಲಿ ಎಷ್ಟು ಬೇಕಾದರೂ ಹಾಕಬಹುದಾಯಿತು. ಸಕ್ಕರೆ ಡಬ್ಬಿ ಸಿಕ್ಕ ಮಗುವಿನಂತೆ ಎಲ್ಲದಕ್ಕೂ ಸುರಿದೆ. ಎಮ್ಮಿಗನೂರಿನಿಂದ ಹೆಣ್ಣುಮಕ್ಕಳ ಭಜನಾ ತಂಡವೊಂದು ಬಂದಿತ್ತು. ಎಲ್ಲ ದನಿಗಳನ್ನೂ ದಮ್ಮಡಿಯನ್ನೂ ಒಟ್ಟಿಗೆ ಕಟ್ಟಿ ಒಂದೇ ಕಂಪ್ರೆಸರಿಗೆ ಬಿಗಿಯಾಗಿ ಬಿಟ್ಟೆ. ಕೇಳಿಸಿದಾಗ ಅವರಲ್ಲಿ ಹಿರಿಯಳಾದ ತಿಪ್ಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

"ಶಾರದಕ್ಕಾ, ದಮ್ಮಡಿ ಬಡದಾಗೊಮ್ಮೆ ನಮ್ಮನ್ನೆಲ್ಲ ಯಾರೋ ಕಾಲುವಿಗೆ ಮುಳುಗಿಸಿ ಎತ್ತಿದಂಗ ಆಗ್ತೈತಲ್ಲ!"

ನಿಜವಾಗಿ ಹಾಗೇ ಆಗಿತ್ತು. ದಮ್ಮಡಿಯ ಪೆಟ್ಟು ಜೋರು, ಅದನ್ನು ಅದುಮಲು ಹೋದ ಕಂಪ್ರೆಸರ್ ಜೊತೆಗೆ ದನಿಗಳನ್ನೂ ಅದುಮುತ್ತಿತ್ತು. ಬಿಡಿಸಿ ಬೇರೆ ಬೇರೆ ಮಾಡಿದ ಮೇಲೆ ಸರಿಹೋಯಿತು. ಆದರೆ ತಂಡದ ಕಿರಿಯ ಹುಡುಗಿಯೊಬ್ಬಳು ಮಾತ್ರ, "ಮುಳುಗಿಸಿದ್ದೇ ಮಸ್ತ್ ಇತ್ರಿ" ಎಂದು ಕೊನೆಯವರೆಗೂ ವಾದಿಸಿದಳು.

ಗಣಿಯ ಹಣ ಕಂಡವರು ಬರತೊಡಗಿದ ಮೇಲೆ ಕೇಳಿದ್ದು ಒಂದೇ ಮಾತು: "ಇನ್ನೂ ಜೋರು ಮಾಡ್ರಿ." ಹುಟ್ಟುಹಬ್ಬಕ್ಕೆ ಹೊಗಳಿಕೆಯ ಹಾಡು, ಚುನಾವಣೆಗೆ ಪ್ರಚಾರದ ಹಾಡು. ಸಂಡೂರಿನ ಕಡೆಯ ಒಬ್ಬ ಕಂಟ್ರಾಕ್ಟರು ನಮ್ಮ ಮಾಳಿಗೆಯ ಕೆಳಗೆ ಜೀಪು ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಅದರ ಸ್ಪೀಕರಿನಲ್ಲಿ ಹಾಡು ಹಚ್ಚಿ ಪರೀಕ್ಷೆ ಮಾಡುತ್ತಿದ್ದ. ಎದುರಿನ ಹೋಟೆಲಿನವರು ಕಿವಿ ಮುಚ್ಚಿಕೊಂಡರೆ ಅವನಿಗೆ ತೃಪ್ತಿ. ಅಂಥ ಹಾಡುಗಳಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಸಾವ್ಕಾರ್ರು ಕೇಳಿ, "ಚಪಾತಿ ಲಟ್ಟಿಸಿದಂಗ ಲಟ್ಟಿಸಿಬಿಟ್ಟೆಲ್ಲ ಯವ್ವಾ" ಎಂದು ಎದ್ದು ಹೋಗುತ್ತಿದ್ದರು. ಆದರೂ ಆ ಕಂಟ್ರಾಕ್ಟರನ್ನು ನಾನು ಬೈಯಲಾರೆ. ಒಮ್ಮೆ ಒಬ್ಬನೇ ಬಂದು, ಆಗಷ್ಟೇ ಹುಟ್ಟಿದ ಮಗಳಿಗೆ ಜೋಗುಳ ಹೇಳಿ ರೆಕಾರ್ಡ್ ಮಾಡಿಸಿಕೊಂಡ. ಜಲ್ಲಿ ಸುರಿದಂಥ ದನಿ, ನಾಚಿಕೆಗೆ ಅರ್ಧ ಬಾಯಲ್ಲೇ ಉಳಿದಿತ್ತು. ಹಳೆ ಪೆಟ್ಟಿಗೆಯ ನಕಲನ್ನು ಮೆಲ್ಲಗೆ ಹಾಕಿದೆ. ಬಾಯಲ್ಲೇ ಉಳಿದದ್ದೆಲ್ಲ ಹೊರಗೆ ಬಂತು. ಆ ದಿನ ಮಾತ್ರ ಅವನು "ಜೋರು ಮಾಡ್ರಿ" ಅನ್ನಲಿಲ್ಲ. ಕೈಮುಗಿದು ಹೋದ.

ಇನ್ನು ಹುಲುಗಪ್ಪನ ವಿಷಯ. ನನ್ನ ಇಡೀ ಕೆಲಸದಲ್ಲಿ ಮರೆಯಲಾಗದ್ದು ಇದೊಂದೇ.

ಹುಲುಗಪ್ಪ ಗಾದಿಗನೂರಿನವನು. ಸಂಡೂರಿನ ಗುಡ್ಡದ ಒಂದು ಗಣಿಯಲ್ಲಿ ಬಂಡೆ ಕೊರೆಯುವ ಕೆಲಸ. ಏಕತಾರಿ ಹಿಡಿದು ತತ್ವಪದ ಹೇಳಿದರೆ ಕೇಳುವವರು ಎದ್ದು ಹೋಗುತ್ತಿರಲಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ತನ್ನ ಊರಿನ ಭಜನಾ ತಂಡದ ಜೊತೆ ಬಂದು ಹಾಡಿದ್ದ. ಆಗಿನಿಂದಲೂ ಸಾವ್ಕಾರ್ರಿಗೆ ಅವನದೇ ಒಂದು ಸಿಡಿ ಮಾಡಬೇಕೆಂಬ ಆಸೆ. ಕೊನೆಗೂ ಗಣಿಗೆ ರಜೆಯಿದ್ದ ಒಂದು ದಿನ ಹೆಂಡತಿ ಗಂಗಮ್ಮನನ್ನೂ ಕರೆದುಕೊಂಡು ಬಂದ. ಸಪೂರ ಆಳು, ನಗುಮುಖ. ಪರದೆಯ ಮೇಲಿನದ್ದು ಏನೆಂದು ಕೇಳಿದ. ಕಂಪ್ರೆಸರ್ ಎಂದೆ.

"ಅಯ್ಯ, ಇಲ್ಲೂ ಬಂತೇನ್ರಿ ಇದು! ಬಿಟ್ಟು ಬಂದೆ ಅನ್ಕಂಡಿದ್ದೆ," ಎಂದು ಜೋರಾಗಿ ನಕ್ಕ. ನಗು ಕೆಮ್ಮಿಗೆ ತಿರುಗಿತು. ಗಂಗಮ್ಮ ನೀರು ಕೊಟ್ಟಳು.

ಹಾಡಿದ್ದು ಅದ್ಭುತವಾಗಿಯೇ ಇತ್ತು. ಅವರು ಹೋದ ಮೇಲೆ ಮಿಕ್ಸಿಂಗಿಗೆ ಕೂತು, ನನಗೆ ಪ್ರಿಯವಾದ ಆ ಪ್ಲಗಿನ್ ಹಾಕಿದೆ. ದನಿ ಹತ್ತಿರಕ್ಕೆ ಬಂತು. ಜೊತೆಗೆ ಇನ್ನೊಂದು ಸದ್ದೂ ಬಂತು. ಪ್ರತಿ ಸಾಲಿನ ಕೊನೆಗೆ ಉಸಿರು ಎಳೆದುಕೊಳ್ಳುವಾಗ ಒಳಗಿನಿಂದ ಸುಂಯ್ ಎಂದು ಸೀಟಿಯಂಥ ಸದ್ದು, ಅದರ ಹಿಂದೆ ಒಣ ಎಲೆ ಸರಿದ ಹಾಗೆ ಒಂದು ಕರಕರ. ಮೊದಲು ಮೈಕಿನ ವೈರು ಅಂದುಕೊಂಡು ಬದಲಿಸಿದೆ. ಆಮೇಲೆ ಕಂಪ್ಯೂಟರಿನ ದೋಷ ಅಂದುಕೊಂಡೆ. ಸಾವ್ಕಾರ್ರು ಕೇಳಿ, "ಉಸುರು ಕತ್ತರಿಸಿ ಹಾಕು. ಎಲ್ರೂ ಹಂಗ ಮಾಡ್ತಾರಂತಲ್ಲ" ಅಂದರು. ಕತ್ತರಿಸಿ ನೋಡಿದೆ. ಉಸಿರಿಲ್ಲದ ಹಾಡು ಗೊಂಬೆ ಹಾಡಿದಂತಾಯಿತು. ಇಬ್ಬರಿಗೂ ಹಿಡಿಸಲಿಲ್ಲ.

ಹಳೆಯ ಕ್ಯಾಸೆಟ್ಟಿನ ಮೂಲ ಟೇಪು ಕಪಾಟಿನಲ್ಲಿತ್ತು. ಅದರಲ್ಲಿ ಹೇಗೆ ಉಸಿರೆಳೆದಿದ್ದಾನೆ ನೋಡೋಣ, ಅದನ್ನೇ ಇಲ್ಲಿ ತಂದು ಜೋಡಿಸಬಹುದೇನೋ ಎಂಬ ಯೋಚನೆ. ಅದೇ ಪದವನ್ನು ಹುಡುಕಿ, ಕಂಪ್ಯೂಟರಿಗೆ ಇಳಿಸಿ, ಅದೇ ಪ್ಲಗಿನ್, ಗುಂಡಿಗಳನ್ನೂ ಅಷ್ಟಕ್ಕೇ ಇಟ್ಟು ಕೇಳಿದೆ. ಆ ಉಸಿರು ಶುದ್ಧವಾಗಿತ್ತು. ಕಿಟಕಿ ತೆಗೆದಾಗ ಗಾಳಿ ಬಂದಂತೆ, ಅಷ್ಟೇ. ಹಾಗಾದರೆ ಆ ಸದ್ದು ವೈರಿನದಲ್ಲ, ಕಂಪ್ಯೂಟರಿನದೂ ಅಲ್ಲ. ಸಾವ್ಕಾರ್ರನ್ನು ಕರೆದು ಎರಡನ್ನೂ ಒಂದರ ಹಿಂದೊಂದು ಕೇಳಿಸಿದೆ. ಅವರು ಕೇಳಿ ಮುಗಿಸಿ, "ಕರೆಸೋಣು" ಅಂದರು.

ಹಾಡು ಕೇಳಲು ಬಾ ಎಂದು ಹೇಳಿಕಳಿಸಿದ್ದರಿಂದ ಹುಲುಗಪ್ಪ ಖುಷಿಯಿಂದಲೇ ಬಂದ. ಎರಡನ್ನೂ ಕೇಳಿಸಿದೆ. ಅವನು ಮುಖ ಗಂಟಿಕ್ಕಿದ.

"ವಯಸ್ಸಾತ್ರಿ ಅಕ್ಕಾರ. ಅದಕ್ಕೇನು?"

"ವಯಸ್ಸಿಗೆ ಹಿಂಗಾಗಂಗಿಲ್ಲ ಹುಲುಗಪ್ಪಣ್ಣ. ಒಂದ್ಸಲ ಡಾಕ್ಟರಿಗೆ ತೋರಸ್ರಿ."

"ತೋರಿಸಿದ್ರ ಏನಂತಾರ? ಗುಡ್ಡಕ್ಕ ಹೋಗಬ್ಯಾಡ ಅಂತಾರ. ಅಲ್ಲಿ ಗೊತ್ತಾತಂದ್ರ ನಾಳಿಂದ ಬರಬ್ಯಾಡ ಅಂತಾರ. ಆಮ್ಯಾಲ ನಾನೇನು ಏಕತಾರಿ ತಿನ್ಲೇನು? ಅದನ್ನ ಅಳಿಸಿ ಹಾಕ್ರಿ. ಮಕ್ಕಳು ಕೇಳಿದ್ರ ಅಪ್ಪಗ ದಮ್ಮು ಅಂತಾರ."

ಗಂಗಮ್ಮ ಅಲ್ಲಿಯವರೆಗೂ ಗೋಡೆಗೆ ಒರಗಿ ನಿಂತಿದ್ದಳು. ಮುಂದೆ ಬಂದು, "ಅಕ್ಕಾರ, ಇನ್ನೊಂದ್ಸಲ ಹಚ್ರಿ" ಅಂದಳು. ಹೊಸದನ್ನು ಮತ್ತೆ ಹಚ್ಚಿದೆ. ಸ್ಪೀಕರಿಗೆ ಕಿವಿ ಹತ್ತಿರ ತಂದು ಕೇಳಿದಳು.

"ನಾ ಇದನ್ನ ದಿನಾ ಕೇಳ್ತೀನ್ರಿ. ಪಕ್ಕದಾಗ ಮಲಗಿದಾಗ. ಕೇಳಿದ್ರ 'ನಿನ್ನ ಕಿವ್ಯಾಗ ಸದ್ದು ಐತಿ, ನನ್ನ ಎದ್ಯಾಗಿಲ್ಲ' ಅಂತಿದ್ದ." ಗಂಡನ ಕಡೆಗೆ ತಿರುಗಿದಳು. "ಈಗೇನಂತಿ? ಈ ಮಿಷಿನ್ನಿಗೂ ಕಿವಿ ಕೆಟ್ಟಾವೇನು?"

ಹುಲುಗಪ್ಪ ತಲೆ ತಗ್ಗಿಸಿದ. ಆ ಕೋಣೆಯಲ್ಲಿ ಗಂಡು ಮನುಷ್ಯನೊಬ್ಬ ಹಾಗೆ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಸಾವ್ಕಾರ್ರು ಎದ್ದು ಅವನ ಹೆಗಲ ಮೇಲೆ ಕೈಯಿಟ್ಟರು. "ನಾ ಬರ್ತೀನಿ ನಡಿ ಜೋಡಿ. ಕೆಲಸದ ಚಿಂತಿ ಆಮ್ಯಾಲ."

ಬಳ್ಳಾರಿಯಲ್ಲಿ ಎದೆರೋಗದ ಡಾಕ್ಟರಿಗೆ ತೋರಿಸಿದರು. ಕ್ಷಯ ಇರಬಹುದೆಂದು ಮೊದಲು ಕಫ ಪರೀಕ್ಷೆ ಮಾಡಿದರು, ಅದಲ್ಲ ಎಂದಾಯಿತು. ಎಕ್ಸ್‌ರೇಯಲ್ಲಿ ಕಂಡದ್ದು ವರ್ಷಗಟ್ಟಲೆ ಒಳಗೆ ಹೋಗಿ ಕೂತ ಕಲ್ಲಿನ ಧೂಳು. ಹಾಳಾದ ಶ್ವಾಸಕೋಶ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಗುಡ್ಡ ಬಿಡಬೇಕು ಎಂದು ಡಾಕ್ಟರು ಹೇಳಿದರಂತೆ. ಇನ್ನೂ ತಡವಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದ ಎಂದೂ ಹೇಳಿದರಂತೆ.

ಸಾವ್ಕಾರ್ರು ಮೊದಲು ತಮ್ಮ ಗಿರಣಿಯಲ್ಲೇ ಕೆಲಸ ಕೊಡುತ್ತೇನೆ ಅಂದರು. ನಾನು ಜಗಳಕ್ಕೇ ನಿಂತೆ. "ಅಲ್ಲಿ ತೌಡಿನ ಧೂಳು ಕುಡೀಬೇಕೇನ್ರಿ ಅವನು?" ಅವರು ಹಣೆ ಬಡಿದುಕೊಂಡರು. ಹಂಪಿಯ ದಾರಿಯಲ್ಲಿ, ಕಮಲಾಪುರದ ಕಡೆಗೆ ಅವರದೊಂದು ಬಾಳೆ ತೋಟವಿತ್ತು. ಅದನ್ನು ನೋಡಿಕೊಳ್ಳಲು ಗಂಡ ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೇ ಹೋಗಿ ನೆಲೆಸಿದರು. ಹುಲುಗಪ್ಪ ಗಣಿಯ ಕೆಲಸ ಬಿಟ್ಟದ್ದಕ್ಕೆ ಬಹಳ ದಿನ ಮುನಿಸಿನಲ್ಲೇ ಇದ್ದ. ನನ್ನೊಡನೆ ಮಾತೂ ಆಡಲಿಲ್ಲ. ಅದನ್ನು ತಪ್ಪೆನ್ನಲಾರೆ. ಬಂಡೆ ಕೊರೆಯುವವನೆಂಬ ಬಿಂಕ ಅವನಿಗಿತ್ತು. ಬಾಳೆಗೆ ನೀರು ಬಿಡುವುದು ಅವನ ಲೆಕ್ಕದಲ್ಲಿ ಮುದುಕರ ಕೆಲಸ.

ಆ ಸಿಡಿಯ ಕೆಲಸ ಹಾಗೇ ಉಳಿದಿತ್ತು. ಉಸಿರು ಅಳಿಸಿ ಹಾಕಿ ಎಂಬ ಅವನ ಮಾತನ್ನು ಮೀರುವ ಹಾಗಿಲ್ಲ, ಅಳಿಸಿದರೆ ಹಾಡಿಗೆ ಜೀವವಿಲ್ಲ. ಕೊನೆಗೆ ಕಂಪ್ರೆಸರನ್ನು ತೆಗೆದೇ ಹಾಕಿ, ದನಿ ಏರಿಸಿ ಇಳಿಸುವ ಫೇಡರಿನ ಮೇಲೆ ಬೆರಳಿಟ್ಟು ಕೂತೆ. ಸಾಲು ಸಾಲಾಗಿ, ದನಿ ಇಳಿದಲ್ಲಿ ಕೈಯಿಂದಲೇ ಎತ್ತುತ್ತ, ಉಸಿರು ಬಂದಲ್ಲಿ ಇಳಿಸುತ್ತ ಹೋದೆ. ಹಾಗೆ ಸಮ ಮಾಡಿದ ಮೇಲೆ ಆ ಹಳೆ ಪೆಟ್ಟಿಗೆಯ ನಕಲನ್ನು, ಮುಳ್ಳು ಅಲುಗಿತೋ ಇಲ್ಲವೋ ಅನ್ನುವಷ್ಟು ಮಾತ್ರ ಹಾಕಿದೆ. ಎದುರಿಗೆ ಕೂತು ಹಾಡುವವನ ಉಸಿರು ಎಷ್ಟು ಕೇಳಿಸಬೇಕೋ ಅಷ್ಟು ಕೇಳಿಸಿತು. ನೀವು ಫೋನಿನಲ್ಲಿ ಕೇಳುವ "ಎಷ್ಟಕ್ಕ ಇಡಬೇಕು" ಎಂಬುದಕ್ಕೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಯಂತ್ರಕ್ಕೆ ಒಪ್ಪಿಸುವ ಮೊದಲು ಪೂರ್ತಿ ಹಾಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿರಿ.

ಸಿಡಿ ತೆಗೆದುಕೊಂಡು ತೋಟಕ್ಕೆ ಹೋದೆ. ಕೇಳಿ ಮುಗಿಸಿ ಹುಲುಗಪ್ಪ, "ಇದು ನಂದ ಐತಿ ಬಿಡ್ರಿ" ಅಂದ. ಮುನಿಸು ಅಲ್ಲಿಗೆ ಮುಗಿಯಿತು. ಗಂಗಮ್ಮ ಬಾಳೆಗೊನೆ ಕಟ್ಟಿಕೊಟ್ಟಳು.

ಕೆಲವು ವರ್ಷ ಕಳೆದ ಮೇಲೆ, ಗಣಿಗಳೆಲ್ಲ ಒಂದೊಂದಾಗಿ ನಿಂತು ಊರು ಮಂಕಾಗಿದ್ದ ಕಾಲದಲ್ಲಿ, ಸಾವ್ಕಾರ್ರು ಸ್ಟುಡಿಯೋ ಮುಚ್ಚುವ ಮಾತಾಡಿದರು. ಮುಚ್ಚುವ ಮೊದಲು ಹುಲುಗಪ್ಪನ ಇನ್ನೊಂದು ಪದ ಆಗಬೇಕೆಂದು ಹಟ ಹಿಡಿದರು. ಇಬ್ಬರೂ ಬಂದರು. ಅವನು ಮೆಟ್ಟಿಲು ಹತ್ತಿ ಬಂದು ಸುಧಾರಿಸಿಕೊಳ್ಳುವವರೆಗೆ ಕಾದೆವು. ಇನ್ನಷ್ಟು ಇಳಿದುಹೋಗಿದ್ದ, ಆದರೆ ನಗು ಹಾಗೇ ಇತ್ತು. ಕುರ್ಚಿ ಹಾಕಿ ಕೂರಿಸಿದೆ. ಗಂಗಮ್ಮ ನೀರಿನ ಚೊಂಬು ಹಿಡಿದು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಹಾಡಲು ಶುರುಮಾಡಿದ. ಮೊದಲ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಮುಗಿಯುವುದು ನನಗೆ ಗಾಜಿನಾಚೆಯಿಂದಲೇ ಕಂಡಿತು. ನಿಲ್ಲಿಸೋಣವೆಂದು ಕೈ ಎತ್ತಿದೆ. ಅಷ್ಟರಲ್ಲಿ ಸಾಲು ಮುಂದುವರಿಯಿತು. ದನಿ ಬದಲಾಗಿತ್ತು. ಗಂಗಮ್ಮ ತಲೆ ತಗ್ಗಿಸಿಕೊಂಡೇ, ಅವನು ಬಿಟ್ಟ ಅಕ್ಷರದಿಂದ ಎತ್ತಿಕೊಂಡು ಹೇಳುತ್ತಿದ್ದಳು. ಅವಳು ಸಾಲು ಮುಗಿಸುವ ಹೊತ್ತಿಗೆ ಅವನ ಎದೆ ತುಂಬಿತ್ತು, ಮುಂದಿನದನ್ನು ತಾನು ಹಿಡಿದ. ಇಡೀ ಪದ ಹಾಗೇ ಸಾಗಿತು. ತೋಟದಲ್ಲಿ ದಿನಾ ಅವರು ಹೀಗೇ ಹಾಡಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಹೊರಗೆ ಬಂದು ಇಬ್ಬರೂ ಕೇಳಿದರು. ಗಂಗಮ್ಮ ತನ್ನ ದನಿ ಬಂದ ಕೂಡಲೇ ಗಾಬರಿಯಾದಳು.

"ಅಯ್ಯ ಶಿವನ, ನಂದೂ ಬಂದೈತೇನ್ರಿ? ನಾ ಸುಮ್ನ ಆಸರಿಗೆ ಹೇಳಿದ್ದು. ನಂದು ತೆಗೀರಿ ಅಕ್ಕಾರ, ಅವಂದಷ್ಟ ಇರ್ಲಿ."

ನಾನು ಹುಲುಗಪ್ಪನ ಮುಖ ನೋಡಿದೆ. ಅವನು ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವನು ಕೈ ನಿಲ್ಲಿಸಿದ.

"ಮುಟ್ಟಬ್ಯಾಡ್ರಿ," ಅಂದ. "ಅಕಿದು ತಗದ್ರ ಹಾಡು ಮುಗಿಯಂಗಿಲ್ಲ."